ಬಣ್ಣ ಇದೆ, ಊರು ಇಲ್ಲ

ತೀರ್ಥಹಳ್ಳಿಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ನನ್ನ ಮಗ ಜರ್ಮನಿಯಲ್ಲಿದ್ದಾನೆ. ಅವನ ಸಹೋದ್ಯೋಗಿ ಊರು ಬಿಡುವಾಗ ಎರಡು ಫೈರ್ ಸಾಲಮಾಂಡರ್‌ಗಳನ್ನು ಇವನಿಗೆ ಕೊಟ್ಟು ಹೋದನಂತೆ. ಒಂದರ ಮೈಯೆಲ್ಲ ಹಳದಿ, ಕಪ್ಪು ಅಲ್ಲಲ್ಲಿ ಮಾತ್ರ. ಇನ್ನೊಂದಕ್ಕೆ ಬೆನ್ನ ಮೇಲೆ ಎರಡು ಪಟ್ಟೆ, ತಲೆ ಮೇಲೆ ಕೆಂಪು. ಯಾವ ಕಡೆಯವು ಅಂತ ಯಾರಿಗೂ ಗೊತ್ತಿಲ್ಲ. ಫೋಟೋ ನೋಡಿ ಹೇಳುತ್ತೀರಾ? ಹೇಳಲಾಗದಿದ್ದರೂ ಏನು ನಷ್ಟ? ಚೆಂದ ಇವೆ, ಸಾಲದೇ? ಮರಿ ಮಾಡಿಸಿ ಗೆಳೆಯರಿಗೆ ಹಂಚುತ್ತೇನೆ ಅನ್ನುತ್ತಿದ್ದಾನೆ."

ಮೇಷ್ಟ್ರೇ, ಫೋಟೋಗಳನ್ನು ಮತ್ತೆ ಮತ್ತೆ ನೋಡಿದೆ. ಆ ಹಳದಿಯದರ ಕಣ್ಣಿನ ಹಿಂದೆ ಉಬ್ಬಿದ ಗ್ರಂಥಿ, ಅದರ ಮೇಲೆ ಸೂಜಿಯಲ್ಲಿ ಚುಚ್ಚಿದಂಥ ಸಣ್ಣ ಸಣ್ಣ ತೂತು, ಎಷ್ಟು ಸ್ಪಷ್ಟವಾಗಿ ಬಂದಿದೆ! ವಿಷ ಒಸರುವ ಜಾಗಗಳಲ್ಲಿ ಅದೂ ಒಂದು. ಮುಟ್ಟಿದ ಕೈಯನ್ನು ತೊಳೆಯದೆ ಕಣ್ಣು ಉಜ್ಜಬಾರದು ಎಂದು ಮಗನಿಗೆ ಹೇಳಿ.

ಉಳಿದ ಓದುಗರಿಗೆ ಒಂದು ಮಾತು. ಸಾಲಮಾಂಡರ್ ಹಲ್ಲಿ ಹಾಗೆ ಕಂಡರೂ ಕಪ್ಪೆಗಳ ನೆಂಟ. ನಮ್ಮ ಘಟ್ಟದಲ್ಲಿ ಈ ಬಳಗ ಇಲ್ಲ. ಭಾರತದಲ್ಲೇ ನೋಡಬೇಕೆಂದರೆ ಡಾರ್ಜಿಲಿಂಗ್ ಕಡೆ ಹೋಗಬೇಕು. ಫೈರ್ ಸಾಲಮಾಂಡರ್ ಯುರೋಪಿನದ್ದು, ತಂಪು ಕಾಡಿನ ತರಗೆಲೆಯಡಿ ಇರುವ ಪ್ರಾಣಿ.

ಬಣ್ಣ ನೋಡಿ ಊಹೆ ಮಾಡಬಹುದು, ಅಷ್ಟೇ. ಪಶ್ಚಿಮ ಯುರೋಪಿನವುಗಳಿಗೆ ಬೆನ್ನುದ್ದಕ್ಕೆ ಪಟ್ಟೆ, ಪೂರ್ವದ ಕಡೆಯವಕ್ಕೆ ಚುಕ್ಕೆ. ಇಟಲಿಯ ಬೆಟ್ಟಗಳಲ್ಲಿ ಹಳದಿ ಜಾಸ್ತಿ. ಪೋರ್ಚುಗಲ್ ಕಡೆ ತಲೆ ಮೇಲೆ ಕೆಂಪು. ಹಾಗಾದರೆ ನಿಮ್ಮದರಲ್ಲಿ ಒಂದು ಇಟಲಿಯದ್ದು ಅಂದುಬಿಡೋಣವೇ? ಸ್ಪೇನಿನ ಉತ್ತರದಲ್ಲಿ ತೆಂಡಿ ಎಂಬ ಕಣಿವೆಯಿದೆ. ಅಲ್ಲಿ ಪಟ್ಟೆಯವು, ಬರೀ ಹಳದಿಯವು, ಕಂದು ಬಣ್ಣದವು ಎಲ್ಲ ಒಂದೇ ಕಡೆ ಸಿಗುತ್ತವೆ. ಇನ್ನು ಪಟ್ಟೆಯೂ ಕೆಂಪೂ ಇರುವ ಆ ಎರಡನೆಯದು ಬೆರಕೆ ಇರಬಹುದು, ಇಲ್ಲದೆಯೂ ಇರಬಹುದು. ಸಾಲದ್ದಕ್ಕೆ, ಮರಿ ನೀರಿನಲ್ಲಿದ್ದಾಗ ತೊಟ್ಟಿಯ ತಳ ತಿಳಿ ಬಣ್ಣದ್ದಾಗಿತ್ತೋ ಕಪ್ಪಾಗಿತ್ತೋ ಎಂಬುದರ ಮೇಲೂ ಮುಂದಿನ ಬಣ್ಣ ವ್ಯತ್ಯಾಸವಾಗುತ್ತದೆ. ನೂರು ವರ್ಷದ ಹಿಂದೆಯೇ ವಿಯೆನ್ನಾದ ಜೀವವಿಜ್ಞಾನಿ ಪೌಲ್ ಕಾಮರರ್ ಇವನ್ನು ಹಳದಿ ಮಣ್ಣಿನ ಮೇಲೆ, ಕಪ್ಪು ಮಣ್ಣಿನ ಮೇಲೆ ಸಾಕಿ, ಬಣ್ಣ ಹಾಗೇ ತಿರುಗಿತು ಎಂದು ವಾದಿಸಿದ್ದರು. ಅವರ ಇನ್ನೊಂದು ಪ್ರಯೋಗದ ಮಾದರಿಯಲ್ಲಿ ಮಸಿ ಚುಚ್ಚಿದ್ದು 1926ರಲ್ಲಿ ಬಯಲಾಗಿ ಹೆಸರೇ ಕೆಟ್ಟಿತು. ಆದರೆ ಬಣ್ಣ ಪೂರ್ತಿ ಹುಟ್ಟಿನಿಂದಲೇ ಬರುವುದಿಲ್ಲ ಎಂಬಷ್ಟು ನಿಜ.

ಚೆಂದ ಇದ್ದರೆ ಸಾಲದೇ ಅಂದಿರಿ. ಮನೆಯಲ್ಲಿ ಸಾಕಿ ಸಂತೋಷಪಡುವವರಿಗೆ ಸಾಕು, ಒಪ್ಪಿದೆ. ಪ್ರೀತಿಯಿಂದ ಸಾಕುವವರ ಬಗ್ಗೆ ನನಗೆ ಗೌರವವಿದೆ. ಆದರೆ ಹಾಜರಿ ಪುಸ್ತಕದಲ್ಲಿ ಊರು, ತಂದೆ ಹೆಸರು ಬರೆಯದೆ ಒಬ್ಬ ಹುಡುಗನನ್ನೂ ಸೇರಿಸಿಕೊಳ್ಳದ ನೀವೇ "ಏನು ನಷ್ಟ" ಅಂತ ಕೇಳಬಹುದೇ?

ನಷ್ಟ ಏನೆಂದು ನಮ್ಮ ಮಲೆನಾಡಿನ ಕಥೆಯಿಂದಲೇ ಹೇಳುತ್ತೇನೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಿ. ಆರ್. ನಾರಾಯಣ ರಾವ್ ಎಂಬ ಪ್ರಾಧ್ಯಾಪಕರಿದ್ದರು. 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಅವರೇ. 1937ರಲ್ಲಿ ಘಟ್ಟದ ಎಷ್ಟೋ ಹೊಸ ಕಪ್ಪೆಗಳನ್ನು ಅವರು ವಿವರಿಸಿದರು. ಮೂಡಿಗೆರೆ ತಾಲೂಕಿನ ಕೊಟ್ಟಿಗೆಹಾರದ ಹೆಸರು, ಸಕಲೇಶಪುರ ಕಡೆಯ ಕೆಂಪುಹೊಳೆಯ ಹೆಸರು ಕಪ್ಪೆಗಳಿಗೆ ಬಂದದ್ದು ಹಾಗೆ. ಅವರು ಕಾಲೇಜಿನಲ್ಲಿ ಇಟ್ಟಿದ್ದ ಮೂಲ ಮಾದರಿಗಳು, ಅಂದರೆ ಹೆಸರಿಡಲು ಆಧಾರವಾದ ಕಪ್ಪೆಗಳು, ಮುಂದೆ ಕಳೆದೇ ಹೋದವು. ಒಂದು ಸಂಗ್ರಹಕ್ಕೆ ಅದಕ್ಕಿಂತ ದೊಡ್ಡ ಪೆಟ್ಟಿಲ್ಲ. ಆದರೂ ಆ ಕಪ್ಪೆಗಳು ನಮ್ಮ ಕೈ ತಪ್ಪಲಿಲ್ಲ. ಯಾಕೆಂದರೆ ರಾಯರು ಊರು ಬರೆದಿಟ್ಟಿದ್ದರು. ಮುಂದಿನವರು ಅದೇ ಜಾಗಕ್ಕೆ ಹೋಗಿ, ಹಳ್ಳಕ್ಕಿಳಿದು, ಹುಡುಕಿ ಮತ್ತೆ ಗುರುತಿಸಿದರು. ಮಳೆ ಕಡಿಮೆಯಾದ ಮೇಲೆ ಕೊಟ್ಟಿಗೆಹಾರದ ಕಡೆ ಹಳ್ಳದ ಒದ್ದೆ ಕಲ್ಲಿನ ಮೇಲೆ ಆ ಕಪ್ಪೆಯನ್ನು ನಾನೂ ನೋಡಿದ್ದೇನೆ. ಹೆಬ್ಬೆರಳಿನಷ್ಟೂ ಇಲ್ಲ. ಹಿಂಗಾಲನ್ನು ಪಕ್ಕಕ್ಕೆ ಚಾಚಿ, ಬೆರಳು ಬಿಡಿಸಿ, ಜಾಲಪಾದ ತೋರಿಸಿ, ಮತ್ತೆ ಮಡಚಿಕೊಳ್ಳುತ್ತದೆ. ನೀರಿನ ಸದ್ದಿನಲ್ಲಿ ಕೂಗು ಕೇಳಿಸದಿದ್ದರೂ ಕಾಲು ಕಾಣುತ್ತದಲ್ಲ.

ಅಲ್ಲಿ ಮಾದರಿ ಹೋಯಿತು, ಊರು ಉಳಿಯಿತು. ನಿಮ್ಮ ಮಗನ ಮನೆಯಲ್ಲಿ ಪ್ರಾಣಿ ಜೀವಂತ ಇದೆ, ಊರು ಹೋಗಿದೆ. ಮೊದಲನೆಯದನ್ನು ಸರಿಮಾಡಬಹುದಿತ್ತು, ಮಾಡಿದರು. ಎರಡನೆಯದನ್ನು ಯಾವ ಕಣ್ಣೂ ಸರಿಮಾಡಲಾರದು. ಸಾಕಿದಲ್ಲಿ ಈ ಪ್ರಾಣಿ 50 ವರ್ಷ ದಾಟಿ ಬದುಕಿದ್ದುಂಟು. ಅಷ್ಟರಲ್ಲಿ ಅದು ಎಷ್ಟು ಕೈ ಬದಲಾಗಬಹುದು! ಒಬ್ಬರು ಚೀಟಿ ಬರೆಯಲು ಮರೆತರೂ ಮುಗಿಯಿತು.

ನಮ್ಮಲ್ಲೂ ಇದೇ ಆಗುತ್ತಿದೆ, ಸುಮ್ನೆ ನೋಡುತ್ತಾ ಕೂತಿದ್ದೇವೆ. ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಮಾವಿನ ಹಳೇ ಮರಗಳಿಗೆ ಗುರುತಿತ್ತು. ಅನಂತಭಟ್ಟನ ಅಪ್ಪೆ ಅಂದರೆ ಒಬ್ಬರ ಮರ, ಒಂದು ರುಚಿ. ಈಗ ನರ್ಸರಿಯಲ್ಲಿ ಎಲ್ಲವೂ 'ಜೀರಿಗೆ'. ನಮ್ಮ ಹಿತ್ತಿಲಿಗೆ ಹಾಗೆಂದು ಕೊಟ್ಟ ಕಸಿ ಗಿಡ ಕಾಯಿ ಬಿಟ್ಟಿತು. ತೊಟ್ಟು ಮುರಿದರೆ ಸೊನೆಯಲ್ಲಿ ಜೀರಿಗೆಯ ಪರಿಮಳವೇ ಇಲ್ಲ. ಕಡ್ಡಿ ಯಾವ ಮರದ್ದು ಎಂದು ಕೇಳಿದರೆ ಮಾರಿದವರಿಗೂ ಗೊತ್ತಿಲ್ಲ. ಹೊಳೆ ದಂಡೆಯ ಮೂಲ ಮರ ಬಿದ್ದ ಮೇಲೆ ಯಾರನ್ನು ಕೇಳುವುದು? ಮಲೆನಾಡು ಗಿಡ್ಡ ದನದ ವಿಷಯದಲ್ಲೂ ಅಷ್ಟೇ. ಕಪ್ಪು, ಕಂದು ಎಲ್ಲ ಬಣ್ಣವೂ ಆ ತಳಿಯಲ್ಲಿದೆ. ಕೊಳ್ಳುವವರು ಬಣ್ಣ ಕೇಳುತ್ತಾರೆ, ಯಾರ ಕೊಟ್ಟಿಗೆಯದ್ದು ಎಂದು ಕೇಳುವುದಿಲ್ಲ.

ಮಗನಿಗೆ ಹೇಳಿ. ಜರ್ಮನಿಯಲ್ಲಿ ಇದು ರಕ್ಷಿತ ಪ್ರಾಣಿ, ಎಲ್ಲಿಂದ ಬಂತು ಎಂಬ ಕಾಗದ ಇರಬೇಕು. ಸಹೋದ್ಯೋಗಿಗೆ ಇವತ್ತೇ ಫೋನ್ ಮಾಡಿ, ಯಾರಿಂದ ಯಾವಾಗ ತಂದದ್ದು ಎಂದು ಕೇಳಿ ಬರೆದುಕೊಳ್ಳಲಿ. ಎರಡನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿಡಲಿ, ಜೋಡಿ ಮಾಡಿಸುವುದು ಬೇಡ. ಅಕಸ್ಮಾತ್ ಮರಿಯಾದರೆ ಹಳ್ಳಕ್ಕೆ ಬಿಡುವುದಂತೂ ಬೇಡವೇ ಬೇಡ. ಏಷ್ಯಾದಿಂದ ಸಾಕುಪ್ರಾಣಿಗಳ ಜೊತೆ ಹೋದ ಒಂದು ಶಿಲೀಂಧ್ರ ನೆದರ್ಲೆಂಡ್ಸ್‌ನ ಕಾಡಿನಲ್ಲಿ ಇವುಗಳ ವಂಶವನ್ನು ಬಹುತೇಕ ತೊಳೆದುಹಾಕಿದೆ. ಅದನ್ನು ಗುರುತಿಸಿದ್ದು 2013ರಲ್ಲಿ, ಅಷ್ಟು ಹೊತ್ತಿಗೆ ಅಲ್ಲಿ ಬೆರಳೆಣಿಕೆಯಷ್ಟೇ ಉಳಿದಿದ್ದವು. ಸಹೋದ್ಯೋಗಿಗೂ ಗೊತ್ತಿಲ್ಲದಿದ್ದರೆ ಪೆಟ್ಟಿಗೆ ಮೇಲೆ 'ಮೂಲ ಗೊತ್ತಿಲ್ಲ' ಎಂದೇ ಬರೆದು ಅಂಟಿಸಲಿ. ಇಟಲಿ ಅಂತ ಮಾತ್ರ ಬರೆಯುವುದು ಬೇಡ.