ಓದುಗರ ಪ್ರಶ್ನೆ: ದಿನಕ್ಕೊಂದು ಫೋನು, ದಿನಕ್ಕಿಷ್ಟು ಕಡಿಮೆ

ಪ್ರಶ್ನೆ: ನನಗೆ 34 ವರ್ಷ. ಕಳೆದ ತಿಂಗಳು ಮಂಗಳೂರಿನಲ್ಲಿ ಐವಿಎಫ್ (ಅಂಡಾಣುವನ್ನು ದೇಹದ ಹೊರಗೆ ಫಲಿಸುವ ಚಿಕಿತ್ಸೆ) ಮಾಡಿಸಿಕೊಂಡೆ. ಸ್ಕ್ಯಾನಿಂಗಿನಲ್ಲಿ 14 ಫಾಲಿಕಲ್ ಕಾಣುತ್ತಿವೆ ಎಂದಿದ್ದರು. ತೆಗೆದಾಗ ಸಿಕ್ಕಿದ ಅಂಡಾಣು 9. ಬಲಿತದ್ದು 6, ಇಕ್ಸಿ (ಅಂಡಾಣುವಿನೊಳಗೆ ವೀರ್ಯಾಣು ಚುಚ್ಚುವುದು) ಮಾಡಿ ಫಲಿತವಾದದ್ದು 4, ಐದನೇ ದಿನಕ್ಕೆ ಉಳಿದದ್ದು ಒಂದೇ ಭ್ರೂಣ. ಅದರ ಗ್ರೇಡ್ 3ಬಿಬಿಯಂತೆ. ಫೋನ್ ಬಂದಾಗಲೆಲ್ಲ ಲೆಕ್ಕ ಇಳಿಯುತ್ತಲೇ ಹೋಯಿತು. ನನ್ನಿಂದ ಏನಾದರೂ ತಪ್ಪಾಯಿತೇ?
— ಹೆಸರು ಬೇಡ, ಬದಿಯಡ್ಕ

ಉತ್ತರ: ನಿಮ್ಮಿಂದ ತಪ್ಪಾಗಿಲ್ಲ. 14ರಿಂದ ಎಣಿಸಲು ಶುರು ಮಾಡಿದ್ದೇ ಅರ್ಧ ಸಂಕಟಕ್ಕೆ ಕಾರಣ. ಸ್ಕ್ಯಾನಿಂಗಿನಲ್ಲಿ ಕಾಣುವುದು ನೀರು ತುಂಬಿದ ಚೀಲ, ಅಂಡಾಣುವಲ್ಲ. 16ರಿಂದ 22 ಮಿಲಿಮೀಟರ್ ಬೆಳೆದ ಚೀಲದಲ್ಲಿ ಬಲಿತ ಅಂಡಾಣು ಸಿಗುವ ಸಂಭವ ಹೆಚ್ಚು. 12ಕ್ಕಿಂತ ಸಣ್ಣದರಲ್ಲಿ ಸಿಕ್ಕರೂ ಅದು ಹೆಚ್ಚಾಗಿ ಎಳೆಯದೇ. ಆ 14ರಲ್ಲಿ ಸಣ್ಣವು ಎಷ್ಟಿದ್ದವು ಎಂದು ಯಾರೂ ನಿಮಗೆ ಬಿಡಿಸಿ ಹೇಳಿರಲಿಕ್ಕಿಲ್ಲ.

ಮುಂದಿನ ಇಳಿಕೆಯೂ ಸಾಮಾನ್ಯ ಲೆಕ್ಕದಿಂದ ದೂರವಿಲ್ಲ. ಸಿಕ್ಕಿದ ಅಂಡಾಣುಗಳಲ್ಲಿ ಸುಮಾರು ಮುಕ್ಕಾಲು ಪಾಲು ಬಲಿತಿರುತ್ತವೆ. ನಿಮ್ಮಲ್ಲಿ ಅದಕ್ಕಿಂತ ತುಸು ಕಡಿಮೆ. ಇಕ್ಸಿಯಲ್ಲಿ ನೂರಕ್ಕೆ 60ರಿಂದ 80 ಫಲಿತವಾಗುತ್ತವೆ. ನಿಮ್ಮದು ಆರಕ್ಕೆ ನಾಲ್ಕು. ಫಲಿತವಾದವುಗಳಲ್ಲಿ ಬ್ಲಾಸ್ಟೊಸಿಸ್ಟ್ ಎಂಬ ಐದನೇ ದಿನದ ಹಂತ ಮುಟ್ಟುವುದು ನೂರಕ್ಕೆ 30ರಿಂದ 50. ನಾಲ್ಕರಲ್ಲಿ ಒಂದೋ ಎರಡೋ ಎಂದಾಯಿತು. ನಿಮಗೆ ಒಂದು ಉಳಿದಿದೆ.

ಎಷ್ಟು ಇಳಿಯಿತು ಎನ್ನುವುದಕ್ಕಿಂತ ಯಾವ ಮೆಟ್ಟಿಲಲ್ಲಿ ಇಳಿಯಿತು ಎನ್ನುವುದು ಮುಖ್ಯ. ಒಂದೊಂದು ಮೆಟ್ಟಿಲಿಗೆ ಕಾರಣ ಬೇರೆ, ಮದ್ದೂ ಬೇರೆ.

ದೊಡ್ಡ ಚೀಲಗಳು ಬೇಕಾದಷ್ಟಿದ್ದೂ ಅಂಡಾಣು ತೀರಾ ಕಡಿಮೆ ಸಿಕ್ಕರೆ ಮೊದಲು ನೋಡಬೇಕಾದದ್ದು ಅಂಡಾಣು ಕೊನೆಗೆ ಬಲಿಯಲು ಕೊಡುವ ಟ್ರಿಗರ್ ಇಂಜೆಕ್ಷನ್. ಅದು ಅಂಡಾಣು ತೆಗೆಯುವ 34ರಿಂದ 36 ಗಂಟೆ ಮೊದಲು ಬೀಳಬೇಕು. ಬೆಳಿಗ್ಗೆ 9ಕ್ಕೆ ತೆಗೆಯುವುದಾದರೆ ಎರಡು ದಿನ ಹಿಂದಿನ ರಾತ್ರಿ 9-10ರ ಹೊತ್ತಿಗೆ. ಮನೆಯಲ್ಲೇ ಚುಚ್ಚಿಕೊಳ್ಳುವಾಗ ದಿನ ತಪ್ಪುವುದು, ಪುಡಿಯನ್ನು ಸರಿಯಾಗಿ ಕರಗಿಸದೆ ಬರೀ ನೀರನ್ನೇ ಎಳೆದುಕೊಳ್ಳುವುದು ಇಲ್ಲದ್ದಲ್ಲ. ಫ್ರಿಜ್ಜಿನಲ್ಲಿಡಬೇಕಾದ ಮದ್ದಿಗೆ 2ರಿಂದ 8 ಡಿಗ್ರಿ ಬೇಕು. ಫ್ರೀಜರಿನಲ್ಲಿಟ್ಟು ಹೆಪ್ಪುಗಟ್ಟಿದ್ದು ಮತ್ತೆ ಕರಗಿದರೂ ಕೆಲಸಕ್ಕೆ ಬಾರದು. ಕರೆಂಟು ಹೋದರೆ ಫ್ರಿಜ್ ತೆರೆಯಬೇಡಿ. ಒಯ್ಯುವಾಗ ಐಸ್‌ಪ್ಯಾಕ್ ಮದ್ದಿಗೆ ನೇರ ತಾಗದಂತೆ ನಡುವೆ ಬಟ್ಟೆಯಿರಲಿ.

ಅಂಡಾಣು ಸಿಕ್ಕಿಯೂ ಎಳೆಯವೇ ಹೆಚ್ಚಿದ್ದರೆ ಟ್ರಿಗರ್ ಬೇಗ ಕೊಟ್ಟಿರಬಹುದು. ಮುಂದಿನ ಸಲ ಒಂದು ದಿನ ಕಾಯುವುದೋ ಎರಡು ಬಗೆಯ ಟ್ರಿಗರ್ ಒಟ್ಟಿಗೆ ಕೊಡುವುದೋ ಮಾಡುತ್ತಾರೆ. ಬಲಿತದ್ದೂ ಫಲಿಸದಿದ್ದರೆ ವೀರ್ಯಾಣುವಿನ ಕಡೆಯೂ ನೋಡಬೇಕು. ಮೂರನೇ ದಿನದವರೆಗೆ ಭ್ರೂಣ ನಡೆಯುವುದು ಹೆಚ್ಚಾಗಿ ಅಂಡಾಣು ಕೂಡಿಟ್ಟ ಸಾಮಗ್ರಿಯಿಂದ. ನಾಲ್ಕರಿಂದ ಎಂಟು ಕೋಶದ ಹಂತದಲ್ಲಿ ಅದರ ಸ್ವಂತ ಜೀನುಗಳು ಕೆಲಸ ಶುರು ಮಾಡುತ್ತವೆ. ಅಲ್ಲಿಂದ ಮುಂದಕ್ಕೆ ನಿಂತುಬಿಡುವ ಭ್ರೂಣಗಳಲ್ಲಿ ಬಹಳಷ್ಟಕ್ಕೆ ಕ್ರೋಮೋಸೋಮಿನ ಎಣಿಕೆಯೇ ತಪ್ಪಿರುತ್ತದೆ. ನೀವು ಪಪ್ಪಾಯಿ ತಿಂದದ್ದಕ್ಕೂ ಬಸ್ಸಿನಲ್ಲಿ ನಿಂತು ಬಂದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನು 3ಬಿಬಿ. ಅಂಕೆ ಭ್ರೂಣ ಎಷ್ಟು ಹಿಗ್ಗಿದೆ ಎಂಬುದಕ್ಕೆ, 1ರಿಂದ 6ರವರೆಗಿದೆ. ಮೊದಲ ಅಕ್ಷರ ಮಗುವಾಗುವ ಒಳಗಿನ ಕೋಶಗಳಿಗೆ, ಎರಡನೆಯದು ಮಾಸು ಕಟ್ಟುವ ಹೊರಪದರಕ್ಕೆ. ಬಿಬಿ ಎಂದರೆ ಹಾಕಲು ಯೋಗ್ಯವಾದ ಭ್ರೂಣ. ಅಂಥವನ್ನು ದಿನನಿತ್ಯ ಗರ್ಭಕೋಶಕ್ಕೆ ಸೇರಿಸುತ್ತಾರೆ, ಗರ್ಭವೂ ನಿಲ್ಲುತ್ತದೆ. ಇದು ಸೂಕ್ಷ್ಮದರ್ಶಕದಲ್ಲಿ ಕಂಡ ರೂಪಕ್ಕೆ ಕೊಟ್ಟ ಅಂಕವಷ್ಟೇ. ಒಳಗಿನ ಕ್ರೋಮೋಸೋಮ್ ಅದರಲ್ಲಿ ಕಾಣದು.

ಮುಂದಿನ ಭೇಟಿಗೆ ಮೊದಲು ಲ್ಯಾಬಿನ ವಿವರವನ್ನು ಬರಹದಲ್ಲಿ ಕೇಳಿ ಪಡೆಯಿರಿ: ಟ್ರಿಗರ್ ದಿನ ಚೀಲಗಳ ಅಳತೆ, ಬಲಿತದ್ದು ಮತ್ತು ಎಳೆಯದ್ದರ ಎಣಿಕೆ, ಮೂರನೇ ದಿನದ ಕೋಶಗಳ ಸಂಖ್ಯೆ, ಹಿಂದುಳಿದ ಭ್ರೂಣಗಳನ್ನು ಆರನೇ ದಿನದವರೆಗೂ ನೋಡಿದ್ದಾರೆಯೇ ಎಂಬುದು. ಆಮೇಲೆ ಒಂದೇ ಪ್ರಶ್ನೆ: ಇನ್ನೊಮ್ಮೆ ಮಾಡುವುದಾದರೆ ಏನನ್ನು ಬದಲಿಸುತ್ತೀರಿ? ಏನೂ ಬದಲಿಸುವುದಿಲ್ಲ ಎಂದರೆ ಅದು ಕೆಟ್ಟ ಉತ್ತರವೆಂದೇನಲ್ಲ, ತಿಂಗಳಿಂದ ತಿಂಗಳಿಗೆ ಫಲ ಹೆಚ್ಚುಕಡಿಮೆಯಾಗುತ್ತದೆ. ಆದರೆ ಯಾಕೆಂದು ವಿವರಿಸಬೇಕು.

ಫೋನಿನ ವಿಷಯ. ಲ್ಯಾಬಿನವರು ಯಾವ ದಿನ, ಎಷ್ಟು ಹೊತ್ತಿಗೆ ಕರೆ ಮಾಡುತ್ತಾರೆಂದು ಮೊದಲೇ ಕೇಳಿಟ್ಟುಕೊಳ್ಳಿ. ಕರೆ ಗಂಡನಿಗೆ ಬರಲಿ. ಅವರು ಬರೆದುಕೊಂಡು, ಇಬ್ಬರೂ ಕೂತಾಗ ಹೇಳಲಿ. ಅತ್ತೆ, ಅಮ್ಮ, ನಾದಿನಿಯರಿಗೆ ದಿನದಿನದ ಎಣಿಕೆ ಬೇಡ. ಪ್ರತಿ ಸಲ ಅವರನ್ನು ಸಮಾಧಾನ ಮಾಡುವ ಕೆಲಸ ನಿಮ್ಮ ತಲೆಗೇ ಬೀಳುತ್ತದೆ.

ಪ್ರಶ್ನೆ: ಹೆಂಡತಿಗೆ 38. ಎರಡು ಸಲವೂ ಮೂರನೇ ದಿನದವರೆಗೆ ಭ್ರೂಣ ಚೆನ್ನಾಗಿತ್ತು, ಐದಕ್ಕೆ ಒಂದೂ ಇಲ್ಲ. ನನ್ನ ರಿಪೋರ್ಟ್ ನಾರ್ಮಲ್. ನಾನು ಗಲ್ಫಿನಲ್ಲಿದ್ದೇನೆ. ಈಗ ದಾನಿಯ ಅಂಡಾಣು ಎನ್ನುತ್ತಾರೆ. ಮನೆಯಲ್ಲಿ ಎಲ್ಲರೂ ಅವಳನ್ನೇ ದೂರುತ್ತಾರೆ.
— ಉಪ್ಪಳದ ಓದುಗ

ಉತ್ತರ: ದೂರುವವರ ಬಾಯಿ ಮುಚ್ಚಿಸುವ ಕೆಲಸ ನಿಮ್ಮದು, ಅದು ಚಿಕಿತ್ಸೆಗಿಂತ ಮೊದಲು. ನಿಮ್ಮ ನಾರ್ಮಲ್ ರಿಪೋರ್ಟ್ ಹೇಳುವುದು ಎಣಿಕೆ, ಓಟ, ಆಕಾರ ಇಷ್ಟನ್ನೇ. ವೀರ್ಯಾಣುವಿನೊಳಗಿನ ಡಿಎನ್‌ಎ ಮುರಿದಿದೆಯೇ ಎಂಬುದು ಅದರಲ್ಲಿಲ್ಲ. ಅದಕ್ಕೆ ಬೇರೆ ಪರೀಕ್ಷೆಯಿದೆ. ಆ ದೋಷ ಮುಖ ತೋರಿಸುವುದೂ ಹೆಚ್ಚಾಗಿ ಮೂರನೇ ದಿನದ ನಂತರವೇ. ಸಿಗರೇಟು, ಬಿಸಿಯ ಕೆಲಸ, ಜ್ವರ, ವೃಷಣದ ರಕ್ತನಾಳ ಊದಿಕೊಳ್ಳುವ ವೆರಿಕೋಸೀಲ್ ಇವೆಲ್ಲ ಕಾರಣವಾಗಬಲ್ಲವು. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಆಸುಪಾಸು ಬೇಕು. ಹಾಗಾಗಿ ರಜೆಯಲ್ಲಿ ಬಂದ ವಾರವೇ ಸಿಗರೇಟು ಬಿಟ್ಟರೆ ಆ ಸಲಕ್ಕೆ ಪ್ರಯೋಜನ ಕಾಣದು, ಮೂರು ತಿಂಗಳು ಮೊದಲೇ ಬಿಡಬೇಕು.

38ರಲ್ಲಿ ಅಂಡಾಣುವಿನ ಕ್ರೋಮೋಸೋಮ್ ದೋಷ ಹೆಚ್ಚುವುದೂ ನಿಜ. ಮೂರು ತಿಂಗಳು ಕಾಯಬಹುದು, ಒಂದು ವರ್ಷ ಮುಂದೂಡಬೇಡಿ. ಐದನೇ ದಿನದವರೆಗೆ ಕಾಯದೆ ಮೂರನೇ ದಿನವೇ ಭ್ರೂಣ ಹಾಕುವ ದಾರಿಯೂ ಉಂಟು, ಕೇಳಿ ನೋಡಿ. ಭ್ರೂಣದಲ್ಲೇ ದೋಷವಿದ್ದರೆ ಅದರಿಂದ ಗುಣವಾಗದು ಎಂಬುದೂ ತಿಳಿದಿರಲಿ.

ದಾನಿಯ ವಿಷಯದಲ್ಲಿ 2021ರ ನೆರವಿನ ಸಂತಾನೋತ್ಪತ್ತಿ (ಎಆರ್‌ಟಿ) ಕಾನೂನಿನ ಪ್ರಕಾರ ದಾನಿಗೆ 23ರಿಂದ 35 ವರ್ಷ ಆಗಿರಬೇಕು, ಬದುಕಿನಲ್ಲಿ ಒಂದೇ ಸಲ ಕೊಡಬಹುದು, ಏಳಕ್ಕಿಂತ ಹೆಚ್ಚು ಅಂಡಾಣು ತೆಗೆಯುವಂತಿಲ್ಲ. ಪಡೆಯುವ ಹೆಂಗಸಿಗೆ 50ರವರೆಗೆ, ಗಂಡಸಿಗೆ 55ರವರೆಗೆ ಅವಕಾಶವಿದೆ. ಅಂದರೆ ದಾನಿಯ ಅಂಡಾಣುವಿಗೆ ಇಂದೇ ಸಹಿ ಹಾಕುವ ಅವಸರವಿಲ್ಲ.

ಪ್ರಶ್ನೆ: ಅಂಡಾಣುವಿನ ಗುಣ ಹೆಚ್ಚಿಸುವ ಮಾತ್ರೆ ಎಂದು ಗೆಳತಿ ಡಿಎಚ್‌ಇಎ ಹೇಳಿದ್ದಾಳೆ. ತೆಗೆದುಕೊಳ್ಳಲೇ?
— ಮುಳ್ಳೇರಿಯ

ಉತ್ತರ: ಗೆಳತಿಯ ಮಾತಿಗೆ ಬೇಡ. ಅದು ಹಾರ್ಮೋನು, ಮೊಡವೆ, ಮುಖದ ಮೇಲೆ ಕೂದಲು ಬರಬಹುದು. ಪಿಸಿಒಎಸ್ (ಅಂಡಾಶಯದ ಹಾರ್ಮೋನು ಏರುಪೇರು) ಇದ್ದರಂತೂ ಸಲ್ಲದು. ಇದೇ ಉದ್ದೇಶಕ್ಕೆ ಕೊಡುವ ಇನ್ನೊಂದು ಮಾತ್ರೆ ಕೋಎನ್ಜೈಮ್ ಕ್ಯೂ10 ಅಷ್ಟು ತೊಂದರೆ ಕೊಡುವುದಿಲ್ಲ, ಆದರೆ ದುಬಾರಿ, ಲಾಭ ಖಚಿತವಲ್ಲ. ಫೋಲಿಕ್ ಆಸಿಡ್, ಥೈರಾಯ್ಡ್ ಹತೋಟಿ, ವೀಳ್ಯದ ಜೊತೆಗಿನ ಹೊಗೆಸೊಪ್ಪು ಬಿಡುವುದು: ಹೆಚ್ಚು ಖರ್ಚಿಲ್ಲದ ಇವನ್ನು ಮೊದಲು ಮಾಡಿ. ಕಷಾಯ, ಲೇಹ್ಯ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಂದ ಮುಚ್ಚಿಡಬೇಡಿ.

ಪ್ರಶ್ನೆ: ನಾನು ಹುಟ್ಟಿ ಬೆಳೆದದ್ದು ಎಣ್ಮಕಜೆಯ ಗೇರು ತೋಟಗಳ ಪಕ್ಕ. ಅಂಡಾಣು ಎರಡೇ ಸಿಕ್ಕಿವೆ. ಎಂಡೋಸಲ್ಫಾನ್ ಕಾರಣವೇ?
— ಪೆರ್ಲ

ಉತ್ತರ: ಹೆದರಿಕೆಗೆ ಕಾರಣವಿದೆ. ಗೇರು ತೋಟಗಳಿಗೆ ಈ ಕೀಟನಾಶಕವನ್ನು ಹೆಲಿಕಾಪ್ಟರಿನಲ್ಲಿ ಸಿಂಪಡಿಸುವುದು ನಿಂತದ್ದು 2000ದಲ್ಲಿ. ಎಣ್ಮಕಜೆಯದೇ ಪಡ್ರೆ ಊರಿನ ಹುಡುಗರಲ್ಲಿ ಪ್ರಾಯಕ್ಕೆ ಬರುವುದು ತಡವಾದದ್ದನ್ನು 2003ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ. ಆದರೆ ಒಬ್ಬ ಹೆಂಗಸಿನ ಅಂಡಾಣು ನೋಡಿ ಇದು ಅದರಿಂದಲೇ ಎಂದು ಹೇಳುವ ಪರೀಕ್ಷೆಯಿಲ್ಲ, ಹೌದಾದರೂ ಚಿಕಿತ್ಸೆ ಬದಲಾಗದು. ಊರು ಯಾವುದೆಂದು ಡಾಕ್ಟರಿಗೆ ಹೇಳಿ. ಎಎಂಎಚ್ ರಕ್ತಪರೀಕ್ಷೆ, ಮುಟ್ಟಿನ ಎರಡು-ಮೂರನೇ ದಿನದ ಸ್ಕ್ಯಾನಿಂಗ್ ಎರಡೂ ಆಗಿರಲಿ. ಎಎಂಎಚ್ ಹೇಳುವುದು ಸಂಖ್ಯೆಯನ್ನು, ಗುಣವನ್ನಲ್ಲ. ಸಿಕ್ಕಿದ ಎರಡೂ ಒಳ್ಳೆಯದಿರಬಹುದು.

ಪ್ರಶ್ನೆ: ಅಂಡಾಣು ತೆಗೆದ ನಾಲ್ಕನೇ ದಿನಕ್ಕೆ ಸುಬ್ರಹ್ಮಣ್ಯದಲ್ಲಿ ಸೇವೆ ಗೊತ್ತಾಗಿದೆ. ಹೋಗಬಹುದೇ?
— ಕುಂಬಳೆ

ಉತ್ತರ: ಎರಡು ವಾರ ಮುಂದೆ ಹಾಕಿ. ಆ ದಿನಗಳಲ್ಲಿ ಅಂಡಾಶಯ ಊದಿರುತ್ತದೆ, ತಿರುಚಿಕೊಳ್ಳುವ ಅಪಾಯವಿದೆ. ಹೋಗಲೇಬೇಕಾದರೆ ಕೈಮುಗಿದು ಬನ್ನಿ, ಉರುಳು ಸೇವೆ ಖಂಡಿತ ಬೇಡ. ಹೊಟ್ಟೆ ಉಬ್ಬಿ ದಿನಕ್ಕೆ ಒಂದು ಕಿಲೋದಂತೆ ತೂಕ ಏರಿದರೆ, ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ, ಒಂದೇ ಬದಿಗೆ ತಡೆಯಲಾರದ ನೋವು ಬಂದರೆ ಬೆಳಗಾಗುವವರೆಗೆ ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ. ಅಂಡಾಣು ಯಾವ ದಿನ ತೆಗೆದರು, ಯಾವ ಟ್ರಿಗರ್ ಕೊಟ್ಟರು ಎಂದು ಬರೆದ ಚೀಟಿ ಜೊತೆಯಲ್ಲಿರಲಿ.