ಧೈರ್ಯ ಹೇಳಿದ್ದು ಸಾಕು, ಡಾಕ್ಟರಿಗೆ ತೋರಿಸಿ

ಪ್ರಶ್ನೆ: ಅಪ್ಪನಿಗೆ 61 ವರ್ಷ. ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿತು. ಮೊದಲು ಫಿಸಿಯೋಥೆರಪಿ ಚೆನ್ನಾಗಿಯೇ ಮಾಡುತ್ತಿದ್ದರು. ಈಗ ‘ನಾಳೆ ಮಾಡ್ತೀನಿ’ ಅಂತ ಗೋಡೆ ಕಡೆ ತಿರುಗಿ ಮಲಗುತ್ತಾರೆ. ಊಟ ಅರ್ಧಕ್ಕೇ ಬಿಡುತ್ತಾರೆ. ಮೊಮ್ಮಗಳನ್ನು ಕಂಡರೆ ಅಳುತ್ತಾರೆ. ಎಷ್ಟು ಧೈರ್ಯ ಹೇಳಿದರೂ ಸೋಮಾರಿತನ ಹೋಗುತ್ತಿಲ್ಲ.

ಉತ್ತರ: ಈ ಪ್ರಶ್ನೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಪ್ರತಿ ಸಲವೂ ‘ಸೋಮಾರಿತನ’ ಅನ್ನುವ ಮಾತು ಇದ್ದೇ ಇರುತ್ತದೆ. ಮೊದಲು ಅದನ್ನು ಬಿಡಿ.

ಲಕ್ವ ಹೊಡೆದ ಮೂವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಬರುತ್ತದೆ. ಕೈ ಹೋಯಿತಲ್ಲ ಅನ್ನುವ ಬೇಸರ ಒಂದೇ ಅಲ್ಲ. ಪೆಟ್ಟು ಬಿದ್ದಿರುವುದು ಮಿದುಳಿಗೆ, ಅಲ್ವಾ? ಡಿಸ್ಚಾರ್ಜ್ ಚೀಟಿಯಲ್ಲಿ ಬಿಪಿ ಮಾತ್ರೆ ಇರುತ್ತದೆ, ವ್ಯಾಯಾಮ ಇರುತ್ತದೆ, ಇದರ ಬಗ್ಗೆ ಮಾತ್ರ ಎಷ್ಟೋ ಸಲ ಒಂದು ಸಾಲೂ ಇರುವುದಿಲ್ಲ. ಆ ತಪ್ಪು ನಮ್ಮ ಡಾಕ್ಟರುಗಳದ್ದೇ.

ಪಕ್ಕದಲ್ಲಿ ಕೂತು ಎರಡೇ ಮಾತು ಕೇಳಿ. ಹದಿನೈದು ದಿನದಿಂದ ಮನಸ್ಸು ಕುಗ್ಗಿದೆಯಾ? ಮೊದಲು ಇಷ್ಟವಾಗುತ್ತಿದ್ದದ್ದು ಈಗ ಬೇಡ ಅನ್ನಿಸುತ್ತಿದೆಯಾ? ಹೆಚ್ಚಿನ ದಿನ ಹೀಗೇ ಇದ್ದರೆ ಮನೋವೈದ್ಯರಿಗೆ ತೋರಿಸಿ. ಮಾತು ನಿಂತವರಾದರೆ ನಿದ್ದೆ, ಊಟ, ಮುಖ ಗಮನಿಸಿ. ‘ನಾನು ಇರಬಾರದಿತ್ತು’ ಅಂದರೆ, ಸಾಯುವ ಯೋಚನೆ ಇದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನುವುದು ಸುಳ್ಳು. ಇದೆ ಅಂದರೆ ಮಾತ್ರೆ ಡಬ್ಬಿ ನಿಮ್ಮ ಬೀರುವಿಗೆ ಸೇರಲಿ, ಅಂದೇ ಆಸ್ಪತ್ರೆಗೆ ಹೋಗಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಅಳುವಿನ ವಿಷಯ ಸ್ವಲ್ಪ ಬೇರೆ. ಮಗು ಬಂದ ಕೂಡಲೇ ಗಳಗಳ ಅತ್ತು, ಎರಡು ನಿಮಿಷಕ್ಕೆ ಸರಿಹೋದರೆ ಅದು ದುಃಖವೇ ಆಗಬೇಕೆಂದಿಲ್ಲ. ಅಳು, ನಗುವಿನ ಮೇಲಿನ ಹಿಡಿತ ತಪ್ಪಿರುತ್ತದೆ. ಆಗ ಮನೆಮಂದಿಯೆಲ್ಲ ಸುತ್ತ ನಿಂತು ‘ಅಳಬೇಡಿ’ ಅನ್ನಬೇಡಿ, ಮಾತು ಬದಲಿಸಿ. ಅದಕ್ಕೂ ಮಾತ್ರೆ ಇದೆ.

ವ್ಯಾಯಾಮಕ್ಕೆ ಬಲವಂತ ಬೇಡ. ನಮ್ಮಲ್ಲಿಗೆ ಬರುತ್ತಿದ್ದ ಹೋಟೆಲ್ ಭಟ್ಟರೊಬ್ಬರು ರಬ್ಬರ್ ಚೆಂಡು ಮುಟ್ಟಲೇ ಒಪ್ಪಲಿಲ್ಲ. ಹೆಂಡತಿ ಒಂದು ದಿನ ಬೋಗುಣಿಯಲ್ಲಿ ಚಪಾತಿ ಹಿಟ್ಟು ತಂದು ಮುಂದಿಟ್ಟರು. ‘ನೀರು ಜಾಸ್ತಿ ಹಾಕಿದ್ದೀಯ’ ಅಂತ ಬೈಯುತ್ತಲೇ ಎಡಗೈ ಜೊತೆ ಬಲಗೈ ಸೇರಿಸಿ ಹತ್ತು ನಿಮಿಷ ನಾದಿದರು. ನಿಮ್ಮ ಅಪ್ಪನ ಹಿಟ್ಟು ಯಾವುದು ಅಂತ ನಿಮಗೇ ಗೊತ್ತಿರಬೇಕು.

ಖಿನ್ನತೆಯ ಮಾತ್ರೆಗೆ ಎರಡರಿಂದ ನಾಲ್ಕು ವಾರ ಕಾಯಬೇಕು. ನಾಲ್ಕನೇ ದಿನಕ್ಕೇ ‘ಗುಣ ಕಾಣಲಿಲ್ಲ’ ಅಂತ ನಿಲ್ಲಿಸಬೇಡಿ. ಚಟ ಹಿಡಿಸುವುದು ಅದಲ್ಲ, ಚೀಟಿ ಇಲ್ಲದೆ ಮೆಡಿಕಲ್ ಶಾಪಿನಿಂದ ತರುವ ನಿದ್ದೆ ಮಾತ್ರೆ. ಅದನ್ನು ನುಂಗಿ, ರಾತ್ರಿ ಬಚ್ಚಲಿಗೆ ಎದ್ದು, ಬಿದ್ದು ಸೊಂಟ ಮುರಿದುಕೊಂಡವರನ್ನು ನೋಡಿ ನೋಡಿ ಸಾಕಾಗಿದೆ. ರಕ್ತ ತೆಳುವಾಗಲು ತೆಗೆದುಕೊಳ್ಳುವ ಮಾತ್ರೆಯ ಹೆಸರನ್ನು ಮನೋವೈದ್ಯರಿಗೆ ತಪ್ಪದೆ ಹೇಳಿ. ಅದೂ ಖಿನ್ನತೆಯ ಮಾತ್ರೆಯೂ ಸೇರಿದರೆ ಕೆಲವರಿಗೆ ರಕ್ತಸ್ರಾವವಾಗಬಹುದು. ಖಿನ್ನತೆಯ ಮಾತ್ರೆಯಿಂದ ವಯಸ್ಸಾದವರ ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, ಇಳಿಯುವುದೂ ಉಂಟು. ನಾನಾದರೆ ಮೊದಲ ತಿಂಗಳಲ್ಲೇ ರಕ್ತ ಪರೀಕ್ಷೆ ಮಾಡಿಸುತ್ತೇನೆ.

ಪ್ರಶ್ನೆ: ಪಾರಿವಾಳದ ರಕ್ತ ಹಚ್ಚಿದರೆ ಲಕ್ವ ವಾಸಿಯಾಗುತ್ತದಂತೆ, ನಿಜವೇ?

ಉತ್ತರ: ಪಾರಿವಾಳ ಸಾಯುತ್ತದೆ. ಅಷ್ಟೇ.

ಪ್ರಶ್ನೆ: ಲಕ್ವ ಹೊಡೆದವರಿಗೆ ಖಿನ್ನತೆ ಇಲ್ಲದಿದ್ದರೂ ಫ್ಲುಯೊಕ್ಸೆಟಿನ್ ಅನ್ನುವ ಖಿನ್ನತೆಯ ಮಾತ್ರೆ ಕೊಟ್ಟರೆ ಕೈಕಾಲಿಗೆ ಬೇಗ ಶಕ್ತಿ ಬರುತ್ತದೆಯೇ?

ಉತ್ತರ: ಇಲ್ಲ. ಬ್ರಿಟನ್ನಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಪರೀಕ್ಷೆ ಮಾಡಿ 2018ರಲ್ಲಿ ಹೇಳಿದ್ದಾರೆ: ಕೈಕಾಲಿಗೆ ಲಾಭವಿಲ್ಲ, ಮೂಳೆ ಮುರಿಯುವುದು ಮಾತ್ರ ಜಾಸ್ತಿ.

ಪ್ರಶ್ನೆ: ಡಯಾಲಿಸಿಸ್ ಮುಗಿಸಿ ಬಂದ ದಿನ ನಮ್ಮ ಯಜಮಾನರು ಸುಮ್‌ಸುಮ್ನೆ ರೇಗುತ್ತಾರೆ. ಕೌನ್ಸೆಲಿಂಗ್ ಕೊಡಿಸಲೇ?

ಉತ್ತರ: ನಾಲ್ಕು ಗಂಟೆ ಸೂಜಿ ಚುಚ್ಚಿಸಿಕೊಂಡು ಮಲಗಿ ಬಂದಿರುತ್ತಾರೆ. ಆವತ್ತು ಸಾಲದ ಲೆಕ್ಕ ತೆಗೆಯಬೇಡಿ. ಮಾರನೇ ದಿನವೂ ರೇಗಿದರೆ ಕರೆದುಕೊಂಡು ಬನ್ನಿ.