ರ‍್ಯಾಟಿಫಿಕೇಶನ್, ಅಮೆಂಡ್‌ಮೆಂಟ್: 9 ರಾಜ್ಯವೋ, 13ಓ?

ನಿಮ್ಮ ಪ್ರಶ್ನೆ: ಅಮೆರಿಕದ ಸಂವಿಧಾನಕ್ಕೆ ಒಂದು ಕಡೆ 9 ರಾಜ್ಯಗಳ ಒಪ್ಪಿಗೆ ಸಾಕು ಅಂತಿದೆ, ಇನ್ನೊಂದು ಕಡೆ 13 ರಾಜ್ಯಗಳದ್ದೂ ಬೇಕು ಅಂತಿದೆ, ಯಾವುದು ಸರಿ? ಎರಡೂ ಸರಿ, ದಾಖಲೆಗಳು ಬೇರೆ.

13 ಎಂಬುದು 1781ರಲ್ಲಿ ಜಾರಿಗೆ ಬಂದ, ಅಮೆರಿಕದ ಮೊದಲ ಸಂವಿಧಾನವಾದ 'ಆರ್ಟಿಕಲ್ಸ್ ಆಫ್ ಕಾನ್ಫೆಡರೇಶನ್'ನ ನಿಯಮ. ಅದನ್ನು ತಿದ್ದಲು ಎಲ್ಲ ರಾಜ್ಯಗಳೂ ಒಪ್ಪಬೇಕಿತ್ತು. ಆಮದು ಸರಕಿಗೆ 5% ಸುಂಕ ಹಾಕುವ ಪ್ರಸ್ತಾಪ 1782ರಲ್ಲಿ ಬಿದ್ದುಹೋದದ್ದು ಪುಟ್ಟ ರೋಡ್ ಐಲೆಂಡ್ ಒಲ್ಲೆ ಎಂದಿದ್ದಕ್ಕೆ! ಆ ಪಾಠ ಕಲಿತೇ 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತವರು ಹೊಸ ಸಂವಿಧಾನದ 7ನೇ ವಿಧಿಯಲ್ಲಿ 9 ಸಾಕು ಎಂದು ಬರೆದರು. ಮತ ಹಾಕಿದ್ದೂ ಶಾಸನಸಭೆಗಳಲ್ಲ, ಅದಕ್ಕೆಂದೇ ಚುನಾಯಿತವಾದ ಸಮಾವೇಶಗಳು. 9ನೆಯದು ನ್ಯೂ ಹ್ಯಾಂಪ್‌ಶೈರ್, 1788ರ ಜೂನ್ 21. ಆದರೆ ವರ್ಜೀನಿಯಾ, ನ್ಯೂಯಾರ್ಕ್ ಇಲ್ಲದೆ ಸರ್ಕಾರ ನಡೆಯುವಂತಿರಲಿಲ್ಲ, ಅವೂ ಆ ಬೇಸಿಗೆಯಲ್ಲೇ ಒಪ್ಪಿದವು. ರೋಡ್ ಐಲೆಂಡ್ ಮಾತ್ರ 1790ರ ಮೇ ತನಕ ಎಳೆದಾಡಿತು.

ಗೊಂದಲದ ಮೂಲ ಎರಡೂ ಕಡೆ ಬಳಸುವ ಕನ್ನಡದ 'ಅನುಮೋದನೆ' ಪದ. ರ‍್ಯಾಟಿಫಿಕೇಶನ್‌ಗೆ 'ಸ್ಥಿರೀಕರಣ' (ರಾಜ್ಯಗಳ ಅಂತಿಮ ಒಪ್ಪಿಗೆ), ಅಮೆಂಡ್‌ಮೆಂಟ್‌ಗೆ 'ತಿದ್ದುಪಡಿ' ಎಂದು ಇಟ್ಟುಕೊಳ್ಳಿ. ಆದರೆ ತಿದ್ದುಪಡಿಗೂ ಸ್ಥಿರೀಕರಣ ಬೇಕು: ಸಾಮಾನ್ಯವಾಗಿ ಕಾಂಗ್ರೆಸ್ಸಿನ (ಅಮೆರಿಕದ ಸಂಸತ್ತಿನ) ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ, ಆಮೇಲೆ ನಾಲ್ಕನೇ ಮೂರರಷ್ಟು ರಾಜ್ಯಗಳ ಒಪ್ಪಿಗೆ. ಅಧ್ಯಕ್ಷರ ಸಹಿ ಬೇಕಿಲ್ಲ. ತಿದ್ದುಪಡಿಯ ಬಗೆ ಹೇಳುವ ನಮ್ಮ ಸಂವಿಧಾನದ 368ನೇ ವಿಧಿ ಓದಿದವರು ರಾಷ್ಟ್ರಪತಿಯ ಅಂಕಿತ ನೆನೆದು ಇಲ್ಲೇ ಎಡವುತ್ತಾರೆ.

ಸಂವಿಧಾನದ ಮೊದಲ 10 ತಿದ್ದುಪಡಿಗಳ ಹೆಸರು 'ಬಿಲ್ ಆಫ್ ರೈಟ್ಸ್' ಎಂದರೆ ಮಸೂದೆಯಲ್ಲ, ಹಕ್ಕುಗಳ ಪಟ್ಟಿ. 1789ರಲ್ಲಿ ರಾಜ್ಯಗಳಿಗೆ ಕಳಿಸಿದ್ದು 12 ತಿದ್ದುಪಡಿ, 1791ರ ಡಿಸೆಂಬರ್ 15ಕ್ಕೆ ಪಾಸಾದದ್ದು 10. ಉಳಿದ ಎರಡರಲ್ಲಿ ಒಂದು 1992ರಲ್ಲಿ 27ನೇ ತಿದ್ದುಪಡಿಯಾಗಿ ಬಂತು.